ಕಾಲು ಇರೋದು ಗೊತ್ತು, ಕಾಲಿನ ಅರಿವಿಲ್ಲ: ‘ಅರಿ’ ಎಂಬ ಕ್ರಿಯಾಪದದ ಬಗ್ಗೆ

ಹೂಬಿಸಿಲು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಅವರಿಗೆ 74 ವರ್ಷ. ಹಿಂದಿನ ದಿನ ಸಂಜೆ ಸಹಿ ಹಾಕಿಸಿಕೊಳ್ಳಲು ಒಂದು ಕಾಗದ ತಂದರು. ಅದರಲ್ಲಿ ‘ಅರಿವಳಿಕೆ ಕೊಡಲು ನನ್ನ ಒಪ್ಪಿಗೆ ಇದೆ’ ಎಂದಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನು ಕೆಳಗಿಟ್ಟರು. ‘ಅರಿವು ಅಳಿಸಿಬಿಡ್ತಾರಾ? ಮತ್ತೆ ವಾಪಸ್ ಬರುತ್ತಾ ಅದು?’ ಎಂದು ಕೇಳಿದರು.

ಅವರ ಮುಖದಲ್ಲಿ ನಿಜವಾಗಿ ಹೆದರಿಕೆ ಇತ್ತು. ಅಪ್ಪನ ಬಾಯಲ್ಲಿ ಅರಿವು ಅಂದರೆ ಬುದ್ಧಿ, ವಿವೇಕ, ಮನುಷ್ಯನಲ್ಲಿರುವ ಬೆಳಕು, ಎಲ್ಲಾ ಹೌದು. ಅದನ್ನು ಅಳಿಸುವುದಕ್ಕೆ ಸಹಿ ಹಾಕು ಅಂದರೆ ಯಾರಿಗಾದರೂ ಕೈ ನಡುಗುತ್ತದೆ. ಕೊನೆಗೆ ಸಿಸ್ಟರ್ ಬಂದು ‘ಅದೇ ತಾತ, ಅನಸ್ತೇಸಿಯಾ’ ಎಂದ ಮೇಲೆ ಸಮಾಧಾನ ಆಯಿತು.

ಮಾರನೇ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು. ವಾರ್ಡಿಗೆ ತಂದಾಗ ಅಪ್ಪನಿಗೆ ಪೂರ್ತಿ ಎಚ್ಚರ ಇತ್ತು. ತಮ್ಮ ತೊಡೆಯ ಮೇಲೆ ಕೈಯಿಟ್ಟು ಒತ್ತಿ ನೋಡಿಕೊಳ್ಳುತ್ತಿದ್ದರು, ಬೇರೆ ಯಾರದೋ ಕಾಲು ಮುಟ್ಟಿದ ಹಾಗೆ. ಆಗ ಅಂದರು: ‘ಕಾಲು ಇರೋದು ಗೊತ್ತು ಕಣಮ್ಮ. ಕಣ್ಣಿಗೆ ಕಾಣ್ತಾ ಇದೆ. ಆದ್ರೆ ಕಾಲಿನ ಅರಿವಿಲ್ಲ.’

ಅವತ್ತಿಂದ ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಗೊತ್ತು, ತಿಳಿ, ಅರಿ ಮೂರೂ ಒಂದೇ ಎಂದು ನಾನು ಅಂದುಕೊಂಡಿದ್ದೆ. ನಿಘಂಟು ತೆರೆದರೆ ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಡುತ್ತಾರೆ. ಹಾಗಾದರೆ ಅಪ್ಪ ಒಂದೇ ಉಸಿರಲ್ಲಿ ಒಂದನ್ನು ಹೌದು, ಇನ್ನೊಂದನ್ನು ಇಲ್ಲ ಅಂದದ್ದು ಹೇಗೆ? ‘ನಾನು ಅರಿತೆ’ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಈ ಕ್ರಿಯಾಪದ ಪುಸ್ತಕಕ್ಕೆ ಮಾತ್ರ ಉಳಿದಿದೆಯಾ? ನಿಮ್ಮ ಊರಿನಲ್ಲಿ, ಮನೆಯಲ್ಲಿ ಹೇಗೆ ಬಳಸುತ್ತೀರಿ, ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು

ತಾಯಿ, ತಂದೆಯವರು ಗುಣವಾಗುತ್ತಿದ್ದಾರೆ ಅಂದುಕೊಳ್ಳುತ್ತೇನೆ. ಒಂದೊಂದಾಗಿ ನೋಡೋಣ.

ಗೊತ್ತು ಕ್ರಿಯಾಪದವೇ ಅಲ್ಲ, ನಾಮಪದ. ಗೊತ್ತು ಅಂದರೆ ನೆಲೆ, ನಿಗದಿಯಾದ ಜಾಗ. ‘ಗೊತ್ತುಗುರಿ ಇಲ್ಲದೆ ಅಲೀತಾನೆ’ ಅನ್ನುತ್ತೇವೆ. ‘ಮಗಳಿಗೆ ಗಂಡು ಗೊತ್ತಾಯ್ತು’ ಅಂದರೆ ಗಂಡು ನಿಶ್ಚಯವಾಯಿತು ಎಂದು. ಗೊತ್ತುಪಡಿಸಿದ ದಿನ, ಸಭೆಯ ಗೊತ್ತುವಳಿ, ಎಲ್ಲದರಲ್ಲೂ ಇರುವುದು ಇದೇ ಗಟ್ಟಿಯಾಗಿ ನಿಂತ ಸ್ಥಿತಿ. ‘ನನಗೆ ಗೊತ್ತು’ ಅಂದರೆ ಆ ವಿಷಯ ನನ್ನಲ್ಲಿ ಒಂದು ಕಡೆ ನಿಂತಿದೆ, ಅಷ್ಟೇ.

ತಿಳಿ ಇದಕ್ಕಿಂತ ಚೆಂದದ ಪದ. ಬಾವಿಗೆ ಇಳಿದು ಕೆಸರು ತೆಗೆದ ದಿನ ನೀರು ರಾಡಿ ಇರುತ್ತದೆ. ಯಾರೂ ಕದಡದೆ ಬಿಟ್ಟರೆ ಮಣ್ಣು ಕೆಳಗೆ ಕೂತು ಮೇಲೆ ನೀರು ತಿಳಿಯಾಗುತ್ತದೆ. ತಿಳಿಸಾರು, ತಿಳಿಗೊಳ, ತಿಳಿಹಸಿರು ಎಲ್ಲಾ ಅದೇ ತಿಳಿ. ‘ನನಗೆ ತಿಳಿಯಿತು’ ಅಂದಾಗ ನಾನು ಏನೂ ಮಾಡಿಲ್ಲ. ನನಗೋಸ್ಕರ ನೀರು ತಿಳಿಯಾಯಿತು. ಅದಕ್ಕೇ ‘ನನಗೆ’ ಬರುತ್ತದೆ.

ಅರಿ ಹಾಗಲ್ಲ. ‘ನನಗೆ ಅರಿಯಿತು’ ಅಂದರೆ ಕಿವಿಗೆ ಸರಿ ಬರುವುದಿಲ್ಲ. ನಾನು ಅರಿತೆ, ಅವಳು ಅರಿತಳು. ಇಲ್ಲಿ ಕರ್ತೃ ನಾನೇ. ಹೊರಗಿನ ವಿಷಯ ತಾನಾಗಿ ಬಂದು ನಿಲ್ಲುವುದಲ್ಲ, ನಾನು ಅದನ್ನು ಮುಟ್ಟಬೇಕು, ಅದು ನನ್ನನ್ನು ಮುಟ್ಟಬೇಕು. ಹಾಗಾಗಿ ನಿಮ್ಮ ತಂದೆಯವರ ಮಾತು ವ್ಯಾಕರಣದ ಪ್ರಕಾರವೂ ಸರಿ. ಕಾಲು ಇದೆ ಎಂಬ ಸಂಗತಿ ಅವರಲ್ಲಿ ನಿಂತಿತ್ತು. ಕಾಲನ್ನು ಮೈ ಮುಟ್ಟುತ್ತಿರಲಿಲ್ಲ.

ಎರೆಹೊಲ

ಮೇಷ್ಟ್ರ, ನಮ್ಮ ಧಾರವಾಡ ಕಡೆ ‘ತಿಳೀವಲ್ದು’ ಅಂತೀವಲ್ಲ, ಅದಕ್ಕ ನೀವು ಹೇಳಿದ ರಾಡಿ ನೀರು ಭಾಳ ಚಂದ ಹೊಂದತೈತಿ. ನೀರು ಇನ್ನೂ ತಿಳಿಯಾಗವಲ್ದು. ಇಷ್ಟು ದಿನ ಹೀಂಗ ಯೋಚನೆ ಮಾಡಿರಲಿಲ್ಲ.

ಬೆಳ್ಳಿಚುಕ್ಕಿ

ನನಗೆ ಇದು ಅಷ್ಟು ಸಲೀಸು ಅನಿಸುತ್ತಿಲ್ಲ. ಇವತ್ತು ಅರಿವು ಅನ್ನುವ ಪದ ಜಾಸ್ತಿ ಕಾಣುವುದು ಎಲ್ಲಿ? ‘ಕಾನೂನು ಅರಿವು ನೆರವು ಕಾರ್ಯಕ್ರಮ’ದ ಬ್ಯಾನರಿನಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದ್ಯಾಭ್ಯಾಸ ಸಾಲದ ಯೋಜನೆಯ ಹೆಸರೂ ‘ಅರಿವು’. ಇಲ್ಲೆಲ್ಲ ಮೈ, ಸ್ಪರ್ಶ ಏನೂ ಇಲ್ಲ. ಓದು, ಮಾಹಿತಿ, ಅಷ್ಟೇ. ಹಳೆಯ ಅರ್ಥ ಏನೇ ಇರಲಿ, ಜನ ಇವತ್ತು ಬಳಸುವುದೇ ಅರ್ಥ ಅಲ್ವಾ? ಒಬ್ಬ ಹಿರಿಯರ ಮಾತನ್ನು ಹಿಡಿದು ಇಡೀ ಕ್ರಿಯಾಪದಕ್ಕೆ ಅರ್ಥ ಕಟ್ಟುವುದು ಸ್ವಲ್ಪ ಅವಸರ ಆಯಿತು.

ರಾತ್ರಿಪಾಳಿ

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನಾ ರಾತ್ರಿ ಈ ಕ್ರಿಯಾಪದ ನನ್ನ ಕಣ್ಣ ಮುಂದೆ ಹಾದು ಹೋಗುತ್ತದೆ. ಆದರೆ ಹೆಚ್ಚು ಸಲ ಬರುವುದು ‘ಅರಿತ’ ಅಂತಲ್ಲ, ‘ಅರಿಯದ’ ಅಂತ.

ಸೋಲರಿಯದ ನಾಯಕ. ದಣಿವರಿಯದ ಹೋರಾಟಗಾರ್ತಿ. ಕಷ್ಟ ಅರಿಯದ ಮಕ್ಕಳು. ಏನೂ ಅರಿಯದ ಕಂದಮ್ಮ.

ಈಗ ಇದರಲ್ಲಿ ‘ಅರಿಯದ’ ತೆಗೆದು ಬೇರೆ ಹಾಕಿ ನೋಡಿ. ‘ಸೋಲು ಗೊತ್ತಿಲ್ಲದ ನಾಯಕ’ ಅಂದರೆ ಪಾಪ, ಸೋತಿದ್ದಾನೆ, ಆದರೆ ಸುದ್ದಿ ಇನ್ನೂ ಮುಟ್ಟಿಲ್ಲ ಎನ್ನುವ ಹಾಗೆ ಕೇಳುತ್ತದೆ. ‘ದಣಿವು ತಿಳಿಯದ’ ಅಂದರೆ ದಣಿದಿದ್ದಾಳೆ, ಗಮನಕ್ಕೆ ಬಂದಿಲ್ಲ. ದಣಿವರಿಯದ ಅಂದರೆ ದಣಿವು ಅವಳ ಮೈಗೆ ಬಂದೇ ಇಲ್ಲ. ಸೋಲು ಎಂದರೇನು ಅಂತ ಆ ನಾಯಕನಿಗೆ ಚೆನ್ನಾಗಿ ಗೊತ್ತು, ಎಷ್ಟೋ ಜನರನ್ನು ಅವನೇ ಸೋಲಿಸಿದ್ದಾನೆ. ಅವನು ಸೋಲನ್ನು ಉಂಡಿಲ್ಲ. ಅರಿ ಅಂದರೆ ಇಲ್ಲಿ ಸ್ವತಃ ಹಾದು ಬರುವುದು.

ಇನ್ನೊಂದು ಇದೆ, ನನಗೆ ಬಹಳ ಇಷ್ಟವಾದದ್ದು: ‘ಕಂಡು ಕೇಳರಿಯದ’. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಬೆಳಗಾವಿ ಕಡೆ ಪ್ರವಾಹ ಬಂದಾಗ ಈ ಪದವನ್ನು ಎಷ್ಟು ಸಲ ಪುಟಕ್ಕೆ ಬಿಟ್ಟೆನೋ ಲೆಕ್ಕವಿಲ್ಲ. ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ. ಎರಡು ಇಂದ್ರಿಯಗಳ ಹೆಸರು ಹೇಳಿ, ಆಮೇಲೆ ‘ಅರಿಯದ’. ‘ಅಂಥ ಮಳೆ ನಾನು ಕಂಡರಿಯೆ’ ಅಂದರೆ ಆಯುಸ್ಸಿನಲ್ಲೇ ಕಂಡಿಲ್ಲ ಎಂದು. ಬೆಳ್ಳಿಚುಕ್ಕಿಯವರೇ, ಇದು ಹಳಗನ್ನಡ ಅಲ್ಲ. ನಾಳೆ ಬೆಳಗಿನ ಪೇಪರಿನಲ್ಲೂ ಇರುತ್ತದೆ, ನೋಡಿ.

ಕೋಲಾರ ಸೀಮೆ

ಅಯ್ಯೋ, ‘ಕಂಡು ಕೇಳರಿಯದ’ ನೋಡಿ ಮೈ ಜುಮ್ ಅಂತು! ನಮ್ಮ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಇದೆ. ತೆಲುಗಿನಲ್ಲಿ ಇದನ್ನೇ ‘ಕನೀ ವಿನೀ ಎರುಗನಿ’ ಅನ್ನುತ್ತಾರೆ. ಕನು ಅಂದರೆ ಕಾಣು, ವಿನು ಅಂದರೆ ಕೇಳು, ಎರುಗು ಅಂದರೆ ಅರಿ. ಮೂರಕ್ಕೆ ಮೂರೂ ತಾಳೆಯಾಗುತ್ತೆ. ಎರುಗು ನಮ್ಮ ಅರಿಯ ಬಳಗದ್ದೇ ಪದ. ನಮ್ಮಜ್ಜಿ ಯಾರಾದರೂ ಪರಿಚಯ ಇಲ್ಲ ಅನ್ನೋದಕ್ಕೆ ‘ನೇನು ಎರುಗನು’ ಅನ್ನುತ್ತಿದ್ದರು. ಹೆಸರು ಕೇಳಿರಬಹುದು, ಒಡನಾಟ ಇಲ್ಲ ಅಂತ.

ಮಂಪರುಮದ್ದು

ನಾನು ಅರಿವಳಿಕೆ ವೈದ್ಯ. ಹೂಬಿಸಿಲು ಅವರೇ, ನಿಮ್ಮ ತಂದೆಯ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ನಮ್ಮ ಕಡೆಯಿಂದ ಅದಕ್ಕೆ ಸರಿಯಾದ ಉತ್ತರ ಕೊಡುವುದು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಆ ಸ್ಥಿತಿಯನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ ಬಂತು. ಆಲಿವರ್ ವೆಂಡೆಲ್ ಹೋಮ್ಸ್ ಎಂಬ ವೈದ್ಯ-ಲೇಖಕ ಗ್ರೀಕ್ ಮೂಲದ ‘ಅನಸ್ತೇಸಿಯಾ’ ಹೆಸರನ್ನು ಸೂಚಿಸಿದರು. ಗ್ರೀಕಿನ ‘ಐಸ್ಥೆಸಿಸ್’ ಅಂದರೆ ಇಂದ್ರಿಯಗಳಿಂದ ಅರಿಯುವುದು. ಮುಂದೆ ‘ಅನ್’ ಸೇರಿದರೆ ಅದು ಇಲ್ಲದಿರುವುದು. ನಮ್ಮಲ್ಲಿ ಸೌಂದರ್ಯಶಾಸ್ತ್ರ ಅನ್ನುವ ‘ಏಸ್ಥೆಟಿಕ್ಸ್’ ಕೂಡ ಅದೇ ಬೇರಿನದು.

ಕನ್ನಡದಲ್ಲಿ ಅರಿವಳಿಕೆ ಎಂದು ಕಟ್ಟಿದವರು ಗ್ರೀಕ್ ಪದದ ಒಳಗಿರುವುದನ್ನು ಸರಿಯಾಗಿಯೇ ಹಿಡಿದಿದ್ದಾರೆ. ಅರಿವು ಅಂದರೆ ಮೈಗೆ ಆಗುವ ಅನುಭವ. ‘ಬುದ್ಧಿಯಳಿಕೆ’ ಅಂತಲೋ ‘ತಿಳಿವಳಿಕೆ’ ಅಂತಲೋ ಮಾಡಲಿಲ್ಲ ನೋಡಿ.

ಬೆನ್ನಿಗೆ ಮದ್ದು ಕೊಟ್ಟಾಗ ಆಗುವುದನ್ನೂ ಹೇಳುತ್ತೇನೆ. ಮೊದಲು ಕಾಲು ಬೆಚ್ಚಗಾದ ಹಾಗಾಗುತ್ತದೆ. ಆಮೇಲೆ ಭಾರ. ನಾವು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಮುಟ್ಟಿಸಿ ‘ತಣ್ಣಗಿದೆಯಾ?’ ಎಂದು ಕೇಳುತ್ತ ಮೇಲೆ ಮೇಲೆ ಹೋಗುತ್ತೇವೆ. ತಣ್ಣನೆಯ ಅರಿವು ಎಲ್ಲಿವರೆಗೆ ಹೋಗಿದೆ ಅನ್ನುವುದರಿಂದ ಮದ್ದು ಎಲ್ಲಿವರೆಗೆ ಹಿಡಿದಿದೆ ಎಂದು ಅಂದಾಜು ಸಿಗುತ್ತದೆ. ನೋವು, ಬಿಸಿ, ತಣ್ಣನೆ ಬೇಗ ಹೋಗುತ್ತವೆ. ಎಳೆದಂತೆ, ಒತ್ತಿದಂತೆ ಆಗುವುದು ಎಷ್ಟೋ ಜನರಿಗೆ ಉಳಿದಿರುತ್ತದೆ. ‘ಏನೋ ಮಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ನೋವಿಲ್ಲ’ ಅನ್ನುತ್ತಾರೆ. ಅಂದರೆ ಅರಿವು ಒಂದೇ ದೀಪ ಅಲ್ಲ, ಸಾಲಾಗಿ ಇಟ್ಟ ಹಲವು ದೀಪ. ಒಂದೊಂದಾಗಿ ಆರುತ್ತವೆ, ಒಂದೊಂದಾಗಿ ಹತ್ತಿಕೊಳ್ಳುತ್ತವೆ.

ಅಡಿಕೆತೋಟ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಪೇಟೆಗೆ ಇಳಿದರೆ ದಿನಕ್ಕೆ ನೂರು ಸಲ ಮಲೆಯಾಳದ ‘ಅರಿಯಿಲ್ಲ’ ಕಿವಿಗೆ ಬೀಳುತ್ತದೆ. ಬಸ್ಸು ಎಷ್ಟು ಹೊತ್ತಿಗೆ ಅಂದರೂ ಅರಿಯಿಲ್ಲ, ಅಂಗಡಿ ಯಾವಾಗ ತೆರೆಯುತ್ತದೆ ಅಂದರೂ ಅರಿಯಿಲ್ಲ. ಅವರಿಗೆ ಅದು ನಮ್ಮ ಗೊತ್ತಿನ ಹಾಗೆ ಆಗಿದೆ. ಮನೆಯೊಳಗೆ ನಮ್ಮ ಹವ್ಯಕ ಮಾತಿನಲ್ಲಿ ‘ಎನಗೆ ಅರಡಿಯ’ ಅನ್ನುತ್ತೇವೆ. ಇದನ್ನು ಹೆಚ್ಚಾಗಿ ಕೈಕೆಲಸದ ವಿಷಯಕ್ಕೆ ಹೇಳುವುದು. ಅಡುಗೆ ಅರಡಿಯ, ಮರ ಹತ್ತಲು ಅರಡಿಯ. ಬಾಯಲ್ಲಿ ಹೇಳಲು ಬಂದರೂ ಕೈಗೆ ಬರದಿದ್ದರೆ ಅರಡಿಯ.

ಅಡ್ಯಾರ್ ಆಲದಮರ

ನಾನು ಚೆನ್ನೈಗೆ ಬಂದು 20 ವರ್ಷ ಆಯಿತು. ಇಲ್ಲಿನ ತಮಿಳರು ಪ್ರಾಣಿಗಳನ್ನು ಸಹಜವಾಗಿ ‘ಐದರಿವಿನ ಜೀವಿ’ ಅನ್ನುತ್ತಾರೆ, ಮನುಷ್ಯರನ್ನು ಆರರಿವಿನವರು ಅನ್ನುತ್ತಾರೆ. ಬುದ್ಧಿ ಇಲ್ಲದೆ ವರ್ತಿಸಿದವನಿಗೆ ‘ನಿನಗೆ ಆರನೇ ಅರಿವು ಇಲ್ವಾ?’ ಎಂದು ಬೈಯುತ್ತಾರೆ. ಶುರುವಿನಲ್ಲಿ ಇದು ನನಗೆ ಅರ್ಥವೇ ಆಗುತ್ತಿರಲಿಲ್ಲ. ಅರಿವನ್ನು ಎಣಿಸುವುದು ಹೇಗೆ?

ಇದು ತೊಲ್ಕಾಪ್ಪಿಯಂನಿಂದ ಬಂದ ಲೆಕ್ಕ. ತಮಿಳಿನ ಅತಿ ಹಳೆಯ ವ್ಯಾಕರಣ ಗ್ರಂಥ ಅದು. ಅದರಲ್ಲಿ ಜೀವಿಗಳನ್ನು ಅರಿವಿನ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿದ್ದಾರೆ. ಹುಲ್ಲು, ಮರಕ್ಕೆ ಒಂದೇ ಅರಿವು, ಸ್ಪರ್ಶ. ಬಸವನಹುಳು, ಚಿಪ್ಪಿನ ಜೀವಿಗಳಿಗೆ ಎರಡು, ನಾಲಿಗೆ ಸೇರಿತು. ಗೆದ್ದಲು, ಇರುವೆಗೆ ಮೂರು, ಮೂಗು ಬಂತು. ಏಡಿ, ದುಂಬಿಗೆ ನಾಲ್ಕು, ಕಣ್ಣು. ದನಕರುಗಳಂಥವಕ್ಕೆ ಐದು, ಕಿವಿ. ಮನುಷ್ಯನಿಗೆ ಆರು, ಮನಸ್ಸು.

ಮನಸ್ಸು ಇಲ್ಲಿ ಆರನೇ ಮೆಟ್ಟಿಲು, ಬೇರೆ ಮನೆ ಅಲ್ಲ. ಮುಟ್ಟಿ ಅರಿಯುವುದು, ಮೂಸಿ ಅರಿಯುವುದು, ಯೋಚಿಸಿ ಅರಿಯುವುದು, ಎಲ್ಲಕ್ಕೂ ಒಂದೇ ಕ್ರಿಯಾಪದ. ಹೂಬಿಸಿಲು ಅವರ ತಂದೆ ಅರಿವು ಅನ್ನುವುದನ್ನು ಬುದ್ಧಿಗೂ ಕಾಲಿಗೂ ಬಳಸಿದ್ದು ಗೊಂದಲ ಅಲ್ಲ ಅಂತ ನನಗೆ ಅನಿಸುವುದು ಇದಕ್ಕೇ. ಪದದ ಅಗಲವೇ ಅಷ್ಟಿದೆ.

ಆವತ್ತಿನಿಂದ ಬೀದಿಯ ಮರಕ್ಕೆ ಯಾರಾದರೂ ಮೊಳೆ ಹೊಡೆದು ಬೋರ್ಡು ನೇತುಹಾಕಿದರೆ ನನಗೆ ‘ಒಂದು ಅರಿವಾದರೂ ಇದೆಯಲ್ಲ ಅದಕ್ಕೆ’ ಎಂದು ನೆನಪಾಗುತ್ತದೆ. ಮನಸ್ಸಿಗೆ ಬೇಜಾರಾಗುತ್ತದೆ.

ಬೆಳ್ಳಿಚುಕ್ಕಿ

ತಮಿಳಿನ ಲೆಕ್ಕ ಬಹಳ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ತಮಿಳು. ಅಲ್ಲಿ ಹಾಗಿದೆ ಅಂತ ಕನ್ನಡದಲ್ಲೂ ಹಾಗೇ ಅನ್ನಲು ಆಗುವುದಿಲ್ಲ. ಪಕ್ಕದ ಮನೆಯ ಪಾತ್ರೆಯಲ್ಲಿ ನಮ್ಮ ಮನೆಯ ಅಕ್ಕಿ ಅಳೆದ ಹಾಗೆ ಆಗುತ್ತದೆ. ರಾತ್ರಿಪಾಳಿಯವರ ‘ದಣಿವರಿಯದ’ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಶಕಟರೇಫ

ಪಾತ್ರೆ ಒಂದೇ ಮನೆಯದು ಅನ್ನುವುದಕ್ಕೆ ಒಂದು ಗುರುತಿದೆ. ನಾನು ಇಲ್ಲಿ ಇಟ್ಟುಕೊಂಡ ಹೆಸರೇ ಆ ಗುರುತು.

ಹಳಗನ್ನಡದಲ್ಲಿ ಎರಡು ‘ರ’ ಇದ್ದವು. ಒಂದು ನಾವು ಈಗ ಬರೆಯುವ ರ. ಇನ್ನೊಂದು ಒತ್ತಿ ಹೇಳುವ ಱ, ಅದಕ್ಕೆ ಶಕಟರೇಫ ಎಂದು ಹೆಸರು. 13ನೇ ಶತಮಾನದಲ್ಲಿ ಕೇಶಿರಾಜ ಬರೆದ ಶಬ್ದಮಣಿದರ್ಪಣ ಓದಿದವರಿಗೆ ಇದು ಪರಿಚಯ. ಆಮೇಲೆ ನಡುಗನ್ನಡದಲ್ಲಿ ಎರಡೂ ಬೆರೆತು, ಕೊನೆಗೆ ಱ ನಮ್ಮ ವರ್ಣಮಾಲೆಯಿಂದ ಬಿಟ್ಟುಹೋಯಿತು. ಈಗ ಅದು ಹಳೆಯ ಕಾವ್ಯಗಳ ಮುದ್ರಣದಲ್ಲಿ ಸಿಗುತ್ತದೆ, ಮೊಬೈಲಿನ ಯೂನಿಕೋಡಿನಲ್ಲೂ ಇದೆ.

ನಮ್ಮ ಅರಿ ಆಗ ‘ಅಱಿ’. ತಮಿಳಿನಲ್ಲೂ ಮಲೆಯಾಳದಲ್ಲೂ ಇವತ್ತಿಗೂ ಅದೇ ಗಟ್ಟಿ ಱ. ಹಳೆಯ ತೆಲುಗಿನಲ್ಲೂ ‘ಎಱುಗು’. ಇದು ಯಾರೂ ಯಾರಿಂದಲೂ ತಂದದ್ದಲ್ಲ, ಅಕ್ಕತಂಗಿಯರು ಹಂಚಿಕೊಂಡದ್ದು.

ಱ ಹೋದದ್ದರಿಂದ ಆದ ನಷ್ಟ ಏನು ಅಂದರೆ, ಬೇರೆ ಬೇರೆ ಪದಗಳು ಒಂದೇ ವೇಷ ಹಾಕಿಕೊಂಡವು. ‘ಅರಿ’ ಅಂದರೆ ಕತ್ತರಿಸು, ಇದು ಸಾದಾ ರ. ‘ಅರಿದು’ ಅಂದರೆ ಕಷ್ಟಸಾಧ್ಯ, ಇದೂ ಸಾದಾ ರ. ‘ಅಱಿದು’ ಅಂದರೆ ತಿಳಿದು. ಸಂಸ್ಕೃತದಿಂದ ಬಂದ ‘ಅರಿ’ ಅಂದರೆ ಶತ್ರು, ಅದು ಬೇರೆ. ನಾವು ಎಲ್ಲವನ್ನೂ ಒಂದೇ ಥರ ಬರೆದು ಹಳೆಯ ಪದ್ಯಗಳಲ್ಲಿ ಎಡವುತ್ತೇವೆ.

ಉಳಿದ ಒಂದು ಚೆಲುವು ಹೇಳಿ ನಿಲ್ಲಿಸುತ್ತೇನೆ. ಶರಣರ ಮಾತಿನಲ್ಲಿ ಅರಿವು, ಮರಹು, ಕುರುಹು ಮೂರೂ ಜೊತೆಜೊತೆಗೆ ಬರುತ್ತವೆ. ಅರಿವು, ಅದರ ಎದುರು ಮರೆವು, ಅರಿವಿಗೆ ಹಿಡಿಯಲು ಸಿಗುವ ಗುರುತು. ಮೂರರಲ್ಲೂ ಇದ್ದದ್ದು ಱ: ಅಱಿವು, ಮಱಹು, ಕುಱುಹು. ಜೋರಾಗಿ ಒಮ್ಮೆ ಹೇಳಿ ನೋಡಿ. ನಾಲಿಗೆ ಮೂರು ಸಲ ಒಂದೇ ಜಾಗಕ್ಕೆ ತಾಗುತ್ತದೆ.

ಕೋಲಾರ ಸೀಮೆ

ಈಗಷ್ಟೇ ಹೇಳಿ ನೋಡಿದೆ. ಮನೆಯವರು ತಿರುಗಿ ನೋಡಿದರು.

ಎರೆಹೊಲ

ನಾನು ಒಂದು ಬಳಕೆ ಹೇಳಬೇಕು. ಇದುವರೆಗೆ ಎಲ್ಲರೂ ‘ಅರಿಯದ’, ‘ಅರಿಯೆ’ ಎಂದು ಇಲ್ಲ ಅನ್ನುವ ಕಡೆಯಿಂದಲೇ ಬರೆದಿದ್ದೀರಿ. ಹೌದು ಅನ್ನುವ ಕಡೆಯೂ ಬದುಕಿದೆ. ಹದ ಅರಿಯುವುದು.

ನಮ್ಮದು ಎರೆಭೂಮಿ. ಹಿಂಗಾರಿ ಜೋಳ ಬಿತ್ತುವ ಮೊದಲು ಮಳೆ ನಿಂತು ನಾಲ್ಕಾರು ದಿನ ಆದ ಮೇಲೆ ಅಪ್ಪ ಹೊಲಕ್ಕೆ ಹೋಗುತ್ತಿದ್ದ. ಮೇಲಿನ ಮಣ್ಣನ್ನು ಕಾಲಿನಿಂದ ಸರಿಸಿ, ಕೂತು, ಒಳಗಿನಿಂದ ಒಂದು ಹಿಡಿ ಮಣ್ಣು ತೆಗೆಯುತ್ತಿದ್ದ. ಮುಷ್ಟಿ ಬಿಗಿಹಿಡಿದು ಉಂಡೆ ಮಾಡುತ್ತಿದ್ದ. ಎದ್ದು ನಿಂತು ಸೊಂಟದ ಎತ್ತರದಿಂದ ಅದನ್ನು ಬಿಡುತ್ತಿದ್ದ. ಉಂಡೆ ಹಾಗೇ ಕೂತರೆ ಇನ್ನೂ ಹಸಿ ಜಾಸ್ತಿ, ಕೂರಿಗೆಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಉಂಡೆಯೇ ಆಗದಿದ್ದರೆ ಹದ ಹೋಯಿತು, ಬೀಜ ಮೊಳೆಯುವುದಿಲ್ಲ. ಬಿದ್ದು ಮೂರು ನಾಲ್ಕು ಹೋಳಾದರೆ ಸರಿ. ‘ಹದ ಬಂತು, ನಾಳೆ ಕೂರಿಗೆ ಹೂಡೋಣ’ ಅನ್ನುತ್ತಿದ್ದ.

ನಾನೂ ಹಾಗೇ ಮಾಡಿ ನೋಡಿದೆ. ಉಂಡೆ ಸರಿಯಾಗಿ ಒಡೆಯಿತು. ಅಪ್ಪ ಬಂದು ಮಣ್ಣು ಮುಟ್ಟಿ, ‘ಇನ್ನೊಂದು ದಿನ ತಡಿ’ ಅಂದ. ಯಾಕೆ ಅಂತ ಕೇಳಿದರೆ ಅವನಿಗೆ ಹೇಳಲು ಬರಲಿಲ್ಲ. ‘ಕೈಗೆ ತಂಪು ಹತ್ತಾಕತ್ತೈತಿ’ ಅಂದ, ಅಷ್ಟೇ.

ಈಗ ಮೊಬೈಲಿನಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂದು ಗೊತ್ತಾಗುತ್ತದೆ. ಅದರಿಂದ ನನಗೆ ಉಪಯೋಗವೂ ಆಗಿದೆ, ಸುಳ್ಳು ಹೇಳಬಾರದು. ಆದರೆ ಹದ ಗೊತ್ತಾಗುವುದಿಲ್ಲ. ಹದವರಿತು ಬಿತ್ತಬೇಕು. ನಮ್ಮ ಊರಲ್ಲಿ ‘ಹದ ತಿಳಿದು’ ಅಂದರೂ ನಡೆಯುತ್ತದೆ, ಆದರೆ ಹಳಬರು ಹದವರಿತು ಅಂತಲೇ ಅನ್ನುವುದು. ಹಸಿವರಿತು ಉಣ್ಣಬೇಕು, ಹೊತ್ತರಿತು ಮಾತಾಡಬೇಕು, ಎಲ್ಲಾ ಅದೇ ಸಾಲಿನವು. ಅಪ್ಪ ಹೋಗಿ ಆರು ವರ್ಷ ಆಯಿತು. ಈಗ ನನ್ನ ಕೈಗೂ ಸ್ವಲ್ಪ ಸ್ವಲ್ಪ ಹತ್ತುತ್ತದೆ.

ಅಡ್ಯಾರ್ ಆಲದಮರ

ಎರೆಹೊಲ ಅವರೇ, ಈ ಒಂದು ಬರಹಕ್ಕೆ ಕೈಮುಗಿದೆ.

ನಿವೃತ್ತ ಮೇಷ್ಟ್ರು

ಬೆಳ್ಳಿಚುಕ್ಕಿಯವರ ಮೊದಲ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರ ಹೇಳಿಲ್ಲ. ಅದು ಒಳ್ಳೆಯ ಪ್ರಶ್ನೆ. ಕಾನೂನು ಅರಿವು ಅಂದಾಗ ಮೈ ಎಲ್ಲಿದೆ?

ಆ ಬ್ಯಾನರನ್ನೇ ಇನ್ನೊಮ್ಮೆ ಓದಿ. ಅರಿವು ‘ಮೂಡಿಸುವ’ ಕಾರ್ಯಕ್ರಮ ಎಂದಿರುತ್ತದೆ. ಮಾಹಿತಿ ಕೊಡುತ್ತೇವೆ. ತಿಳಿವಳಿಕೆ ಕೊಡುತ್ತೇವೆ, ಹೇಳುತ್ತೇವೆ. ಅರಿವು ಕೊಡುವುದಿಲ್ಲ. ಅರಿವು ಮೂಡಬೇಕು, ಸೂರ್ಯ ಮೂಡಿದ ಹಾಗೆ, ಮೊಳಕೆ ಮೂಡಿದ ಹಾಗೆ. ಮೂಡಿಸುವವರು ಹೊರಗಿನಿಂದ ಪ್ರಯತ್ನ ಮಾಡಬಹುದು, ಅದು ಹುಟ್ಟುವುದು ಒಳಗೇ. ಸರ್ಕಾರಿ ಬ್ಯಾನರ್ ಬರೆದವರು ಇಷ್ಟೆಲ್ಲ ಯೋಚಿಸಿರಲಿಕ್ಕಿಲ್ಲ. ಭಾಷೆ ಅವರ ಕೈ ಹಿಡಿದು ಬರೆಸಿದೆ. ಅಂಥ ಕಡೆ ಪದದ ನಿಜವಾದ ಗುಣ ಕಾಣುತ್ತದೆ.

ಮನವರಿಕೆ ಪದವನ್ನೂ ನೋಡಿ. ಮನ, ಅರಿಕೆ. ಬರೀ ಹೇಳಿದರೆ ಮನವರಿಕೆ ಆಗುವುದಿಲ್ಲ, ಕೇಳಿದವರ ಮನಸ್ಸಿಗೆ ನಾಟಬೇಕು. ಹಳೆಯ ಪುಸ್ತಕಗಳ ಮೊದಲಲ್ಲಿ ‘ಅರಿಕೆ’ ಎಂದು ಲೇಖಕರ ನಾಲ್ಕು ಮಾತು ಇರುತ್ತಿತ್ತು. ಅದೂ ಈ ಮನೆಯದೇ.

ರಾತ್ರಿಪಾಳಿಯವರು ಹೇಳಿದ ‘ಅರಿಯದ’ಕ್ಕೆ ಒಂದು ಕಾರಣ ಸೇರಿಸುತ್ತೇನೆ. ಕನ್ನಡದಲ್ಲಿ ಬಲ್ಲೆ ಅನ್ನುವ ಕ್ರಿಯಾಪದ ಇದೆ. ಓದಬಲ್ಲೆ, ಈಜಬಲ್ಲೆ. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’. ಇದಕ್ಕೆ ಇಲ್ಲ ಅನ್ನುವ ರೂಪ ಬೇಕಾದಾಗ ಅರಿ ಬಂದು ನಿಲ್ಲುತ್ತದೆ: ಓದಬಲ್ಲೆ, ಓದಲರಿಯೆ. ಬಸವಣ್ಣನವರು ತಾಳಮಾನ ಅರಿಯೆ, ಲೆಕ್ಕ ಅರಿಯೆ ಎಂದು ಹೇಳುತ್ತ ಹೋಗಿ ‘ಆನು ಒಲಿದಂತೆ ಹಾಡುವೆ’ ಎಂದರಲ್ಲ, ಅಲ್ಲಿ ಇರುವುದು ಈ ಅರಿಯೆ. ತಾಳ ಎಂದರೇನು ಎಂಬ ಮಾಹಿತಿ ಇಲ್ಲ ಎಂದಲ್ಲ. ನನಗೆ ಅದು ಒಗ್ಗಿಲ್ಲ, ನನ್ನ ನಾಲಿಗೆಗೆ ಕೈಗೆ ಬಂದಿಲ್ಲ ಎಂದು. ಅಡಿಕೆತೋಟದವರ ‘ಅರಡಿಯ’ದ ಬಳಕೆಯೂ ಹೀಗೇ ಇದೆ, ನೋಡಿ. ಅರಿ ಬೆಳೆದು ಬಾಳಿದ್ದು ಈ ‘ಇಲ್ಲ’ದ ದಾರಿಯಲ್ಲಿ. ಅದಕ್ಕೇ ‘ನಾನು ಅರಿತೆ’ ಮನೆಯ ಮಾತಿನಲ್ಲಿ ಕೇಳದಿದ್ದರೂ ‘ಏನೂ ಅರೀದ ಮಗು’ ಎಲ್ಲರ ಬಾಯಲ್ಲೂ ಇದೆ.

ಬೆಳ್ಳಿಚುಕ್ಕಿ

ಮೇಷ್ಟ್ರೇ, ಒಪ್ಪಿದೆ. ‘ಅರಿವು ಕೊಡು’ ಅಂತ ಯಾರಾದರೂ ಬರೆದಿದ್ದಾರಾ ಎಂದು ಮನೆಯಲ್ಲಿದ್ದ ಹಳೆಯ ಪೇಪರುಗಳಲ್ಲಿ ಹುಡುಕಿದೆ. ಒಂದೂ ಸಿಗಲಿಲ್ಲ. ಎಲ್ಲಾ ಮೂಡಿಸು, ಮೂಡು, ಆಗು, ಇರು.

ಮೂರನೇ ಬೆಂಚು

ಸುಮ್ನೆ ಓದಿಕೊಂಡು ಹೋಗೋಣ ಅಂತ ಬಂದವಳು, ಒಂದು ಮಾತು ಹೇಳಲೇಬೇಕು ಅನಿಸಿತು. ನಮ್ಮಮ್ಮ ಆಸ್ಪತ್ರೆಯ ಬಾಗಿಲಲ್ಲಿ ‘ಅರಿವಳಿಕೆ ತಜ್ಞರು’ ಎಂಬ ಬೋರ್ಡು ನೋಡಿ, ಅವರು ರೋಗಿಗಳಿಗೆ ಧೈರ್ಯ ಹೇಳಿ ವಿಷಯ ಬಿಡಿಸಿ ಹೇಳುವವರು ಅಂದುಕೊಂಡಿದ್ದರು. ಯಾಕೆ ಅಂತ ಈಗ ಹೊಳೆಯಿತು. ತಿಳಿವಳಿಕೆ, ನಡವಳಿಕೆ ಅಂತ ಪದಗಳಿವೆ. ಅಲ್ಲಿ ‘ವಳಿಕೆ’ ಬರೀ ಬಾಲ. ತಿಳಿವಳಿಕೆ ಅಂದರೆ ತಿಳಿವು ಅಳಿಯುವುದಲ್ಲ, ತಿಳಿವು ಇರುವುದು. ಅದೇ ಅಚ್ಚಿನಲ್ಲಿ ಅರಿವಳಿಕೆ ಓದಿದರೆ ‘ಅರಿವು ಇರುವುದು’ ಎಂದೇ ಆಗುತ್ತದೆ! ಒಂದರಲ್ಲಿ ಅಳಿಕೆ, ಇನ್ನೊಂದರಲ್ಲಿ ವಳಿಕೆ, ಕಣ್ಣಿಗೆ ಎರಡೂ ಒಂದೇ. ಹೂಬಿಸಿಲು ಅವರ ತಂದೆ ಸರಿಯಾಗಿ ಬಿಡಿಸಿ ಓದಿದರು, ಹೆದರಿದರು. ನಮ್ಮಮ್ಮ ತಪ್ಪಾಗಿ ಓದಿದರು, ಧೈರ್ಯವಾಗಿದ್ದರು.

ಮಂಪರುಮದ್ದು

ಇಷ್ಟು ವರ್ಷ ಆ ಬೋರ್ಡಿನ ಕೆಳಗೇ ಓಡಾಡಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ಪದ ತಪ್ಪಲ್ಲ, ಬದಲಿಸಬೇಕು ಅಂತಲೂ ನಾನು ಹೇಳುವುದಿಲ್ಲ. ಆದರೆ ರೋಗಿಯ ಕೈಗೆ ಕೊಡುವ ಕಾಗದದಲ್ಲಿ ಆ ಒಂದು ಪದದ ಮೇಲೆ ಎಲ್ಲಾ ಭಾರ ಹಾಕಬಾರದು. ನಾನು ಈಗ ಹೀಗೆ ಹೇಳುತ್ತೇನೆ: ‘ಸೊಂಟದ ಕೆಳಗೆ ಎರಡು ಮೂರು ಗಂಟೆ ಮರಗಟ್ಟಿಸ್ತೀವಿ. ನಿಮಗೆ ಎಚ್ಚರ ಇರುತ್ತೆ, ಮಾತಾಡ್ತಾ ಇರಬಹುದು. ಆಮೇಲೆ ಜೋಮು ಬಿಟ್ಟ ಹಾಗೆ ತಾನಾಗಿ ಬಿಡುತ್ತೆ.’ ಪೂರ್ತಿ ಮಲಗಿಸುವುದಾದರೆ ‘ನಿದ್ದೆ ಬರಿಸಿ, ಆಪರೇಷನ್ ಮುಗಿದ ಮೇಲೆ ಎಬ್ಬಿಸ್ತೀವಿ’ ಎಂದು. ಜೋಮು ಹಿಡಿಯದ ಕಾಲು ಯಾರಿಗಿದೆ? ತಕ್ಷಣ ತಲೆಯಾಡಿಸುತ್ತಾರೆ.

ಹೂಬಿಸಿಲು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಮಣ್ಣಿನ ಉಂಡೆಯ ಹತ್ತಿರ ಬಂದಾಗ ನಿಲ್ಲಿಸು ಅಂದರು, ಮತ್ತೊಮ್ಮೆ ಓದಿಸಿಕೊಂಡರು. ಡಾಕ್ಟರ್ ಬರೆದ ಸಾಲು ದೀಪದ ಮಾತಿಗೆ ‘ಹೌದು, ಹಾಗೇ ಆಯ್ತು’ ಅಂದರು. ಆಮೇಲೆ ಅವತ್ತಿನ ಸಂಜೆ ಕಾಲು ಹೇಗೆ ಮರಳಿತು ಎಂದು ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ಆದರೂ ಇದನ್ನೆಲ್ಲ ಕೇಳಿರಲಿಲ್ಲ.

ಮೊದಲು ಹೆಬ್ಬೆರಳು ಅಲ್ಲಾಡಿಸಲು ಬಂತಂತೆ. ಆದರೆ ಅಲ್ಲಾಡಿದ್ದು ಕಣ್ಣಿಗೆ ಕಂಡಿತು, ಬೆರಳಿಗೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊದಿಕೆಯ ಅಂಚು ಪಾದಕ್ಕೆ ತಾಗುತ್ತಿದೆ ಅನಿಸಿತು. ಅದು ಬಟ್ಟೆಯೋ ಕೈಯೋ ಅಂತ ಗೊತ್ತಾಗಲಿಲ್ಲ. ಆಮೇಲೆ ಫ್ಯಾನಿನ ಗಾಳಿ ತಣ್ಣಗೆ ಹತ್ತಿತು. ಎಲ್ಲಕ್ಕಿಂತ ಕೊನೆಗೆ ಹೊಲಿಗೆ ಹಾಕಿದ ಕಡೆ ಉರಿ. ‘ಉರಿ ಬಂದಾಗ ಖುಷಿ ಆಯ್ತಮ್ಮ’ ಅಂದರು.

ಇನ್ನೊಂದು ಬಳಕೆಯನ್ನು ಅವರೇ ನೆನಪಿಸಿದರು. ‘ನನಗೆ ಅರಿವು ಬಂದಾಗಿನಿಂದ’ ಎಂದು ಹಿರಿಯರು ಹೇಳುತ್ತಾರಲ್ಲ, ನೆನಪು ಶುರುವಾದ ವಯಸ್ಸಿನಿಂದ ಎಂದು. ಅಪ್ಪನಿಗೆ ಅರಿವು ಬಂದ ಮೊದಲ ನೆನಪು ಅವರ ಅಜ್ಜನ ಮನೆಯ ಕಲ್ಲಿನ ಜಗಲಿ, ಬೆಳಗಿನ ಹೊತ್ತು ಅಂಗಾಲಿಗೆ ತಾಗಿದ ಅದರ ತಂಪು. ಯಾವ ಊರು, ಯಾವ ವರ್ಷ, ಜೊತೆಗೆ ಯಾರಿದ್ದರು, ಒಂದೂ ನೆನಪಿಲ್ಲ. ತಂಪು ಮಾತ್ರ ಇದೆ.

ಮೂರನೇ ಬೆಂಚು

ಅಕ್ಕಾ, ಅಪ್ಪ ಈಗ ಹೇಗಿದ್ದಾರೆ?

ಹೂಬಿಸಿಲು

ಹೊಲಿಗೆ ಬಿಚ್ಚಿದ್ದಾರೆ. ಭಾರ ಎತ್ತುವ ಹಾಗಿಲ್ಲ. ಬೆಳಿಗ್ಗೆ ಬರಿಗಾಲಲ್ಲಿ ಅಂಗಳದಲ್ಲಿ ನಾಲ್ಕು ಸುತ್ತು ನಡೆಯುತ್ತಾರೆ. ಚಪ್ಪಲಿ ಹಾಕಿಕೊಳ್ಳಿ ಅಂದರೆ ಕೇಳುವುದಿಲ್ಲ.